ಪಲ್ಲಕ್ಕಿಯಲ್ಲಿ ಬಾಯಿ ಬಿಟ್ಟವರು

"ಇನ್ನು ಮೇಲೆ ನನ್ನ ಪಲ್ಲಕ್ಕಿ ಹೊರಟರೆ ಇರುವೆ ಹರಿದ ಸದ್ದೂ ಕೇಳಬಾರದು!" ಎಂದು ಬೆಟ್ಟದಕೋಟೆಯ ದೊರೆ ಬೊಮ್ಮರಸ ನಾಯಕರು ತುಂಬಿದ ಆಸ್ಥಾನದಲ್ಲಿ ಆಜ್ಞೆ ಹೊರಡಿಸಿದರು. "ಬಾಯಿ ಬಿಟ್ಟವರಿಗೆ ಆರು ತಿಂಗಳು ಸೆರೆ. ಅದು ನಾನೇ ಆದರೂ ಸರಿಯೇ!"

ಕಾರಣ ಇಷ್ಟೇ. ಹೊರುವವರ "ಹೋಯ್ ಹೋಯ್" ಕೂಗಿಗೆ ದೊರೆಯ ಊಟದ ಮೇಲಿನ ನಿದ್ದೆ ಕೆಡುತ್ತಿತ್ತು.

ಮೂರನೇ ದಿನವೇ, ಮುಂದೆ ಹೊರುತ್ತಿದ್ದ ದ್ಯಾವಣ್ಣ ದಾರಿಯಲ್ಲಿ ಗುಂಡಿ ಕಂಡು ಅಭ್ಯಾಸಬಲದಿಂದ "ಹಳ್ಳ!" ಎಂದುಬಿಟ್ಟ. ಉಳಿದ ಮೂವರು "ಹೋಯ್!" ಎಂದರು. ದೊರೆ ಬೀಳಲಿಲ್ಲ, ಆದರೆ ಎಚ್ಚರವಾಯಿತು. ನಾಲ್ವರೂ ಸೆರೆಮನೆ ಸೇರಿದರು.

ದ್ಯಾವಣ್ಣನ ಹೆಂಡತಿ ಗಿರಿಯಮ್ಮ, ಆಸ್ಥಾನದ ಜಾಣ ಸಿಂಗಪ್ಪಯ್ಯನ ಜಗಲಿಗೆ ಬಂದು ಕೂತಳು. "ಸ್ವಾಮಿ, ಬರೋ ಸೋಮವಾರ ಮಗಳ ಮದುವೆ. ಧಾರೆ ಎರೆಯೋಕೆ ಅಪ್ಪನೇ ಇಲ್ಲ ಅಂದ್ರೆ ಬೀಗರು ಏನಂದಾರು? ದೊರೆಗಳಿಗೆ ಒಂದು ಮಾತು ಹೇಳಿ."

ಸಿಂಗಪ್ಪಯ್ಯನ ಕರುಳು ಚುರ್ ಎಂದಿತು. ಆದರೆ ದೊರೆಗೆ ಬುದ್ಧಿ ಹೇಳಿದವರ ಗತಿ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. "ನಾನು ಹೇಳಲ್ಲ ತಾಯಿ, ಅವರ ಬಾಯಿಂದಲೇ ಹೇಳಿಸ್ತೀನಿ" ಎಂದ.

ಮರುದಿನ ದೊರೆಯ ಮುಂದೆ ಕೈಮುಗಿದು ನಿಂತ. "ಮಹಾಪ್ರಭು, ಆ ಬಾಯಿಬಡುಕರು ತೊಲಗಿದ್ದೇ ಒಳ್ಳೆಯದಾಯಿತು. ಗರಡಿಯಿಂದ ನಾಲ್ವರು ಜಟ್ಟಿಗಳನ್ನು ಕರೆಸಿದ್ದೇನೆ. ಕತ್ತು ಹಿಸುಕಿದರೂ ಮಾತಾಡುವವರಲ್ಲ. ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿಬರೋಣವೇ?"

"ಹೊರುವುದಕ್ಕೆ ಬೇಕಾದದ್ದು ತೋಳು ಕಣಯ್ಯಾ, ಬಾಯಲ್ಲ!" ದೊರೆ ಮೀಸೆ ತಿರುವುತ್ತಾ ಹತ್ತಿ ಕೂತರು.

ಜಟ್ಟಿಗಳಿಗೆ ತೋಳೇನೋ ಇತ್ತು. ಆದರೆ ಹಿಂದಿನವರಿಗೆ ಪಲ್ಲಕ್ಕಿಯೇ ಅಡ್ಡ, ದಾರಿ ಕಾಣದು. ಮುಂದಿನವರಿಗೆ ಕಂಡರೂ ಹೇಳುವಂತಿಲ್ಲ. ಒಬ್ಬ ಎಡಗಾಲಿಟ್ಟರೆ ಇನ್ನೊಬ್ಬ ಬಲಗಾಲು. ದೊರೆಯ ತಲೆ ಮೇಲಿನ ಹಲಗೆಗೆ ಬಡಿಯಿತು, ಪೇಟ ಮೂಗಿಗೆ ಜಾರಿತು, ಉಂಡ ಹೋಳಿಗೆ ಗಂಟಲಿಗೆ ಬಂತು. ಸಿಂಗಪ್ಪಯ್ಯ ಮಾತ್ರ ಪಕ್ಕದಲ್ಲಿ ಬಾಯಿಗೆ ಬೆರಳಿಟ್ಟುಕೊಂಡು ಗಂಭೀರವಾಗಿ ನಡೆಯುತ್ತಿದ್ದ.

ತೂಬಿನ ಹತ್ತಿರ ಏರಿ ಕುಸಿದಿತ್ತು. ಪರದೆ ಸರಿಸಿ ನೋಡಿದ ದೊರೆ ಕೂಗಿಕೊಂಡರು.

"ಹಳ್ಳ! ಹಳ್ಳ ಕಣ್ರೋ! ಎಡಕ್ಕೆ... ಮೆಲ್ಲಗೆ... ಹಿಂದಿನವರೇ, ಕಲ್ಲು! ಹೋಯ್! ಹೋಯ್!"

ಅರಮನೆಯ ಬಾಗಿಲವರೆಗೂ ದೊರೆ ಬಾಯಿ ಮುಚ್ಚಲಿಲ್ಲ. ಇಳಿಯುವಷ್ಟರಲ್ಲಿ ಗಂಟಲು ಕಟ್ಟಿಹೋಗಿತ್ತು.

"ಆಜ್ಞೆ ಮುರಿಯಿತಲ್ಲ, ಮಹಾಪ್ರಭು" ಎಂದ ಸಿಂಗಪ್ಪಯ್ಯ.

ದೊರೆ ಕಣ್ಣು ಕೆಂಪಗೆ ಮಾಡಿದರು. "ಅಂದರೆ? ನನ್ನನ್ನೂ ಸೆರೆಮನೆಗೆ ಕಳಿಸುತ್ತೀಯಾ?"

"ಕಳಿಸಲೇಬೇಕು. ಆದರೆ ದೊರೆಗಳು ನಡೆದುಕೊಂಡು ಹೋದರೆ ಸಂಸ್ಥಾನದ ಮಾನ ಉಳಿದೀತೇ? ಪಲ್ಲಕ್ಕಿಯಲ್ಲೇ ದಯಮಾಡಿಸಬೇಕು. ಹೊರುವವರು ನೋಡಿದರೆ ಒಳಗಿದ್ದಾರೆ. ಮೊದಲು ಅವರನ್ನು ಬಿಡಬೇಕಾಗುತ್ತದೆ. ಬೇಡವೆಂದರೆ ಜಟ್ಟಿಗಳಂತೂ ಸಿದ್ಧ!"

"ಜಟ್ಟಿಗಳು ಬೇಡವೋ ಮಾರಾಯ!" ದೊರೆ ಬುಗುಟೆ ಎದ್ದ ತಲೆ ಹಿಡಿದುಕೊಂಡು, ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟರು. "ಆರು ತಿಂಗಳೂ ಬೇಡ, ಆರು ಗಳಿಗೆಯೂ ಬೇಡ. ನಾಲ್ವರನ್ನೂ ಈಗಲೇ ಬಿಡಿ! ಸರಿ, ನನ್ನ ಸೆರೆವಾಸ ಯಾವತ್ತಿನಿಂದ?"

"ಅವಸರವೇನಿಲ್ಲ ಪ್ರಭು," ಎಂದ ಸಿಂಗಪ್ಪಯ್ಯ. "ಸೋಮವಾರದವರೆಗೆ ದ್ಯಾವಣ್ಣನಿಗೆ ಮಗಳ ಮದುವೆ, ಪುರುಸೊತ್ತಿಲ್ಲ. ಆಮೇಲೆ ಅವನನ್ನೇ ಕೇಳಿ ಹೇಳುತ್ತೇನೆ."