ಕೆಳಗಿಂದ ಎರಡನೇ ಗೆರೆ

ಒಂದಾನೊಂದು ಕಾಲದಲ್ಲಿ, ನಮ್ಮ ಕಡೆ ಅಲ್ಲ ಕೂಸೇ, ದೂರದ ಚೀನಾ ದೇಶದಲ್ಲಿ, ದೊಡ್ಡ ಹೊಳೆ ದಡದಲ್ಲಿ ವೇನ್ ಅಂತ ಒಬ್ಬ ಅಂಬಿಗ ಇದ್ದನಂತೆ, ಅವನಿಗೆ ಮೂರು ಹೆಣ್ಣುಮಕ್ಕಳಂತೆ, ದೊಡ್ಡವಳು ಶ್ಯೂ, ನಡುವಿನವಳು ಲಾನ್, ಕಿರಿಯವಳು ಮಿನ್. ನಗಬೇಡ, ನಿನ್ನ ಹೆಸರು ಕೇಳಿದ್ರೆ ಅವರೂ ನಗ್ತಾರೆ.

ಒಂದಿನ ಅಂಬಿಗ ಆಚೆ ದಡಕ್ಕೆ ಹೋದವನು ಬರಲೇ ಇಲ್ವಂತೆ, ಆಮೇಲೆ ಹೊಳೆ ತುಂಬಿ ಬಂತಂತೆ, ಮೂರು ದಿನ ಆಯ್ತಂತೆ, ಊರೋರೆಲ್ಲ ಗುಡ್ಡ ಹತ್ತೋಣ ಅಂತ ಗಂಟುಮೂಟೆ ಕಟ್ಟಿದ್ರಂತೆ. ತಾಯಿಗೆ ಹೋಗೋಕೆ ಮನಸ್ಸಿಲ್ಲ, ನಿಲ್ಲೋಕೆ ಧೈರ್ಯ ಇಲ್ಲ. ಆಮೇಲೆ ಅವಳು ಗಂಡ ಬದುಕಿದಾನಾ ಅಂತ ಶಕುನ ಕೇಳೋಕೆ, ಆ ದೇಶದ ಪದ್ಧತಿಯ ಹಾಗೆ ಮೂರು ನಾಣ್ಯ ಕುಲುಕಿ ಆರು ಸಲ ಎಸೆದಳಂತೆ. ಸಲಕ್ಕೊಂದು ಗೆರೆ, ಒಂದರ ಮೇಲೊಂದು, ಮೇಲಿನ ಮೂರು ಸೇರಿ ಒಂದು ಗುರುತು, ಕೆಳಗಿನ ಮೂರು ಸೇರಿ ಇನ್ನೊಂದು. ಇಡೀ ಗೆರೆ, ಇಲ್ಲಾಂದ್ರೆ ನಡುವೆ ಮುರಿದ ಗೆರೆ. ಎರಡು ಮುರಿದ ಗೆರೆ ನಡುವೆ ಒಂದು ಇಡೀದು ಬಂದ್ರೆ ನೀರು, ಮೂರೂ ಮುರಿದಿದ್ರೆ ಮಣ್ಣು. ಮೂರು ನಾಣ್ಯವೂ ಒಂದೇ ಮುಖ ಬಿದ್ರೆ ಅದು ಹಣ್ಣಾದ ಗೆರೆ, ಅದು ಬದಲಾಗ್ಲೇಬೇಕು, ಇಡೀದು ಮುರೀತದೆ, ಮುರಿದದ್ದು ಕೂಡ್ತದೆ. ಎರಡನೇ ಸಲ ಎಸೆದಾಗ ಹಾಗೇ ಬಿತ್ತಂತೆ, ಇಡೀ ಗೆರೆ, ಹಣ್ಣಾದದ್ದು.

ಶ್ಯೂ ನೋಡಿದಳು, ಮೇಲೂ ನೀರು ಕೆಳಗೂ ನೀರು, ಅಪ್ಪ ಮುಳುಗಿದ ಅಂತ ಎದೆ ಬಡ್ಕೊಂಡಳಂತೆ. ಆಮೇಲೆ ಲಾನ್ ಬಂದು, ಹಣ್ಣಾದ ಗೆರೆ ಬಿಟ್ಟೆಯಲ್ಲೇ ಅಕ್ಕಾ ಅಂತ, ಮೇಲಿಂದ ಎಣಿಸಿ ಎರಡನೇದನ್ನ ಮುರಿದಳಂತೆ. ಮೇಲೆ ಮಣ್ಣು, ಕೆಳಗೆ ನೀರು ಬಂತು. ಅಯ್ಯೋ, ಅಪ್ಪನ ಮೇಲೆ ಮಣ್ಣು ಬಿತ್ತು ಅಂತ ಅವಳೂ ಅತ್ತಳಂತೆ. ತಾಯಿ ಗಂಟು ಎತ್ಕೊಂಡು ಎದ್ದೇಬಿಟ್ಟಳಂತೆ.

ಆಗ ಮಿನ್ ಅಡ್ಡ ನಿಂತು, ಅಮ್ಮಾ, ಗೋಡೆನ ಯಾರಾದ್ರೂ ಮೇಲಿಂದ ಕಟ್ತಾರಾ, ನೀನು ಮೊದಲ ಗೆರೆ ಎಳೆದದ್ದು ಕೆಳಗೆ, ಕೆಳಗಿಂದಾನೇ ಎಣಿಸ್ಬೇಕು ಅಂದಳಂತೆ. ಹಾಗೆ ಎಣಿಸಿ ಮುರಿದ್ರೆ ಕೆಳಗಿನ ನೀರೇ ಮಣ್ಣಾಯ್ತಂತೆ! ಮಣ್ಣಿಗೆ ನೀರು ಕೂಡಿತು, ಇದು ಕೂಡ್ಕೊಳ್ಳೋ ಗುರುತು, ಕಾಲ ಕೆಳಗೆ ಮಣ್ಣಿದೆ ಅಂದ್ರೆ ಅಪ್ಪ ಎಲ್ಲೋ ದಿಬ್ಬದ ಮೇಲಿದಾನೆ, ತಡ ಮಾಡಬಾರ್ದು ಅಂತ ದೋಣಿ ಹಗ್ಗ ಹೆಗಲಿಗೆ ಹಾಕ್ಕೊಂಡು ಓಡಿದಳಂತೆ, ಹಿಂದೇನೇ ಅಮ್ಮ, ಅಕ್ಕಂದಿರು.

ಒಂದು ತಿರುವಲ್ಲಿ ನೋಡಿದ್ರು, ಇಲ್ಲ. ಎರಡನೇ ತಿರುವಲ್ಲೂ ಇಲ್ಲ. ಮೂರನೇ ತಿರುವಲ್ಲಿ, ಹೊಳೆ ನಡುವಿನ ದಿಬ್ಬದ ಮೇಲೆ ಅಪ್ಪ ನಿಂತಿದ್ದನಂತೆ, ಮೊಣಕಾಲವರೆಗೆ ನೀರು, ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತಂತೆ. ಹಗ್ಗ ಎಸೆದ್ರು, ಅವನು ಸೊಂಟಕ್ಕೆ ಕಟ್ಕೊಂಡ, ನಾಲ್ಕೂ ಜನ ಎಳೆದ್ರು. ದಡಕ್ಕೆ ಬಂದವನನ್ನ ಅಮ್ಮ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ನಕ್ಕಳು. ಅಬ್ಬಾ, ಹೇಳೋವಾಗ ನನಗೇ ಹೋದ ಜೀವ ಬಂದ ಹಾಗಾಗ್ತದೆ.

ಹಣ್ಣಾದ ಗೆರೆ ಹೇಳ್ತು ಅಪ್ಪಾ ಅಂದಳಂತೆ ಮಿನ್. ಅದಕ್ಕವನು, ಗೆರೆ ಹೇಳೋದು ಹೇಳ್ತು ಮಗಳೇ, ಹಗ್ಗ ಹೊತ್ತು ತಂದವಳು ನೀನು ಅಂದನಂತೆ.

ಆಮೇಲೆ ಐದೂ ಜನ ಗುಡ್ಡ ಹತ್ತಿ ಬಿಸಿ ಗಂಜಿ ಕುಡಿದು ಮಲಗಿದ್ರಂತೆ. ಕತೆ ದಡ ಮುಟ್ಟಿ ಮುಗೀತು, ಇನ್ನು ನೀನೂ ಕಣ್ಣು ಮುಚ್ಚು.