ಬೆಲ್ಲನ ಉಗುರು

ಗವಿಯಪ್ಪ ಗಂಟು ಕಟ್ಟಿಕೊಂಡು ಆಶ್ರಮ ಬಿಟ್ಟು ಹೊರಟಿದ್ದ.

ಆಗಿದ್ದಿಷ್ಟೇ. ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಊರಿನ ಮುದುಕಿಯೊಬ್ಬಳ ಕೈ ನಡುಗಿ ಮಜ್ಜಿಗೆ ಲೋಟ ಉರುಳಿತ್ತು. ಗವಿಯಪ್ಪ ಎಲ್ಲರೆದುರು ಅವಳ ಮೇಲೆ ಹರಿಹಾಯ್ದಿದ್ದ. ಪಾಪ, ಆಕೆ ಅರ್ಧ ಊಟಕ್ಕೇ ಎದ್ದು ಹೋದಳು. ಆಶ್ರಮಕ್ಕೆ ಬಂದ ಮೇಲೆ ಅವನ ಮೂಗಿನ ತುದಿಯ ಸಿಟ್ಟು ಹೋಯಿತೆಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ.

ಹೊಳೆಯ ಕಡೆಯ ಜಗುಲಿಯಲ್ಲಿ ಗುರು ಸಿದ್ಧವೀರಯ್ಯನವರು ಕೂತಿದ್ದರು. ತೊಡೆಯ ಮೇಲೆ ಆಶ್ರಮದ ಮೊಲ. ಬೆಲ್ಲದ ಬಣ್ಣದ್ದು, ಹೆಸರೂ ಬೆಲ್ಲ.

“ಹೊರಟೆ ಬುದ್ಧಿ. ಈ ಸಿಟ್ಟನ್ನ ಬುಡಸಮೇತ ಕಿತ್ತುಹಾಕೋಕೆ ಆಗದವನು ಇಲ್ಲಿದ್ದು ಏನು ಪ್ರಯೋಜನ?”

“ಹೋಗುವೆಯಂತೆ. ಇದರ ಉಗುರು ಬೆಳೆದು ನನ್ನ ಕಂಬಳಿಗೆಲ್ಲ ಸಿಕ್ಕಿಕೊಳ್ತಿದೆ. ನನ್ನ ಕೈ ನಡುಗುತ್ತೆ. ಕತ್ತರಿಸಿಕೊಟ್ಟು ಹೋಗು.”

ಗವಿಯಪ್ಪ ಗಂಟು ಕೆಳಗಿಟ್ಟು ಕತ್ತರಿ ತಂದ. ಗುರುಗಳು ಮೊಲವನ್ನು ಎದೆಗೊತ್ತಿ ಹಿಡಿದರು. ಹೇಗೂ ಹೊರಟವನು, ಬೇಗ ಬೆಳೆಯದ ಹಾಗೆ ಮಾಡಿಬಿಡೋಣ ಎಂದು ಗವಿಯಪ್ಪ ಉಗುರಿನ ಬುಡಕ್ಕೇ ಕತ್ತರಿ ಹಾಕಿದ.

ಮೊಲ ಬೆಚ್ಚಿ ಒದೆಯಿತು. ರಕ್ತ ತೊಟ್ಟಿಕ್ಕಿತು.

“ಅಯ್ಯೋ, ಪಾಪಿ ನಾನು! ನೋಡಿದಿರಾ ಬುದ್ಧಿ, ನಾನು ಮುಟ್ಟಿದ್ದೆಲ್ಲ ಹೀಗೇ.”

“ಗೋಳಾಡೋದು ಆಮೇಲೆ. ಒಂದು ಚಿಟಿಕೆ ಅಕ್ಕಿಹಿಟ್ಟು ತಾ.”

ತಂದ. ಗುರುಗಳು ಹಿಟ್ಟನ್ನು ಉಗುರಿಗೆ ಒತ್ತಿ ಹಿಡಿದರು. ರಕ್ತ ನಿಂತಿತು. ಮೊಲದ ಎದೆಯ ಡವಡವ ತಣ್ಣಗಾಗುವ ತನಕ ಅದರ ಬೆನ್ನು ಸವರಿದರು. ಅಷ್ಟರಲ್ಲಿ ಮುಸ್ಸಂಜೆಯಾಯಿತು.

“ದೀಪ ಹಚ್ಚು. ಉಳಿದ ಉಗುರು ಯಾರು ತೆಗೀತಾರೆ?”

“ದೀಪ ಹಚ್ಚಿದ ಮೇಲೆ ಉಗುರು ಕತ್ತರಿಸಬಾರದು ಅಂತಾರಲ್ಲ ಬುದ್ಧಿ?”

“ಹಾಗಂದವರು ಯಾರೂ ಮೊಲ ಸಾಕಿರಲಿಲ್ಲ. ದೀಪ ತಾರಯ್ಯ.”

ದೀಪ ಬಂತು. ಗುರುಗಳು ಮೊಲದ ಕಾಲನ್ನು ಅದರ ಮುಂದೆ ಹಿಡಿದರು. ಕಪ್ಪು ಉಗುರಿನೊಳಗೆ ಕೆಂಪು ಗೆರೆಯೊಂದು ಕಾಣಿಸಿತು.

“ಅಲ್ಲಿಯ ತನಕ ಜೀವ ಇದೆ. ಅದನ್ನ ಬಿಟ್ಟು ತುದಿ ಮಾತ್ರ ತೆಗಿ.”

ಈಗ ಗವಿಯಪ್ಪನ ಕೈಯೂ ನಡುಗುತ್ತಿತ್ತು. ಉಸಿರು ಬಿಗಿಹಿಡಿದು ತುದಿಯನ್ನಷ್ಟೇ ಕತ್ತರಿಸಿದ. ಮೊಲ ಮಿಸುಕಲಿಲ್ಲ. ಮತ್ತೊಂದು ತೆಗೆದ. ಇನ್ನೊಂದು. ಕೆಲಸ ಮುಗಿಯುವ ಹೊತ್ತಿಗೆ ಬೆಲ್ಲ ಅವನ ಹೆಬ್ಬೆರಳು ನೆಕ್ಕುತ್ತಿತ್ತು. ಗವಿಯಪ್ಪನಿಗೆ ಕಣ್ಣು ತುಂಬಿ ಬಂತು.

“ಆದರೆ ಬುದ್ಧಿ, ಇಷ್ಟೇ ತೆಗೆದರೆ ಮತ್ತೆ ಬೆಳೆಯುತ್ತಲ್ಲ?”

“ಬೆಳೆಯುತ್ತೆ.”

“ಮತ್ತೆ ಕತ್ತರಿಸಬೇಕಾ?”

“ಹೂಂ.”

“ಹೀಗೆ ಎಲ್ಲಿಯವರೆಗೆ?”

“ಅದು ಬದುಕಿರೋವರೆಗೆ.”

ಗವಿಯಪ್ಪ ಕೆಳಗೆ ಬಿದ್ದ ಉಗುರಿನ ಚೂರುಗಳನ್ನು ಒಂದೊಂದಾಗಿ ಆರಿಸಿದ. ಆಮೇಲೆ ಮೆಲ್ಲಗೆ ಕೇಳಿದ, “ಆ ಅಜ್ಜಿ ಮನೆ ಎಲ್ಲಿ ಬುದ್ಧಿ?”

“ದೋಣಿಗಟ್ಟದ ಪಕ್ಕ. ಬರಿಗೈಲಿ ಹೋಗಬೇಡ, ಮಜ್ಜಿಗೆ ತಗೊಂಡು ಹೋಗು.”

ಅವನು ಎದ್ದ. ಗುರುಗಳು ಅವನ ಗಂಟನ್ನು ಎಳೆದು ತಮ್ಮ ಬೆನ್ನಿಗೆ ಒರಗು ಮಾಡಿಕೊಂಡರು.

“ಕತ್ತರೀನ ಕೈಗೆ ಸಿಗೋ ಕಡೆ ಇಟ್ಟು ಹೋಗು, ಗವಿಯಪ್ಪ. ಮುಂದಿನ ತಿಂಗಳು ನಿನಗೆ ಬೇಕಾಗುತ್ತೆ.”