ಹೆಸರು ಅಳಿಸಿದ ಅರಸ

"ಕೇಳಿರಿ, ಕರಿಗಲ್ಲದುರ್ಗದ ಅರಸರ ಅಪ್ಪಣೆ! ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಹೋಗುತ್ತದೆ, ತಲೆಯ ಜೊತೆಗೆ ಹೆಸರೂ ಹೋಗುತ್ತದೆ. ಆ ಹೆಸರನ್ನು ಯಾವ ಕೂಸಿಗೂ ಇಡಕೂಡದು, ಯಾರೂ ಬಾಯಿಬಿಟ್ಟು ಹೇಳಕೂಡದು. ಒಗಟನ್ನು ಸಭೆಯ ಹೊರಗೆ ಆಡಿದವರ ನಾಲಿಗೆ ಕತ್ತರಿಸಲಾಗುವುದು!"

ಡಂಗುರದವನು ಊರೂರು ತಿರುಗಿ ಹೀಗೆ ಸಾರಿ ಒಂದು ವರ್ಷವಾಗಿತ್ತು. ಅಷ್ಟರಲ್ಲಿ ಇಪ್ಪತ್ತಾರು ತಲೆಗಳು ಉರುಳಿದ್ದವು, ಇಪ್ಪತ್ತಾರು ಹೆಸರುಗಳು ಅಳಿದಿದ್ದವು. ತಲೆ ತೆಗೆಯುವ ಅರಸರನ್ನು ಎಲ್ಲ ಸೀಮೆಯವರೂ ಕಂಡಿದ್ದಾರೆ. ಸತ್ತವನ ಹೆಸರಿನ ಮೇಲೂ ಹಗೆ ಸಾಧಿಸುವವನನ್ನು ಕಂಡವರು ಕರಿಗಲ್ಲದುರ್ಗದವರು ಮಾತ್ರ ಇರಬೇಕು. ಸತ್ತವರ ಹೆಸರನ್ನೇ ಹೊತ್ತಿದ್ದ ಮುದುಕರು ಎಪ್ಪತ್ತನೆಯ ವಯಸ್ಸಿನಲ್ಲಿ ಹೊಸ ಹೆಸರು ಹುಡುಕಿಕೊಂಡರು. ಯಾರಾದರೂ ಕೂಗಿದರೆ ತಮ್ಮನ್ನೇ ಎಂದು ತಿಳಿಯದೆ ಸುಮ್ಮನೆ ಕೂತಿರುತ್ತಿದ್ದರು.

ಇಪ್ಪತ್ತಾರನೆಯವನು ಬುಟ್ಟಿ ಹೆಣೆಯುವ ಮೇದಾರ ಮಾಳಿಂಗ. ಹೆಂಡತಿ ದುಂಡವ್ವ ಎಂಟು ತಿಂಗಳ ಬಸುರಿ. ಅವಳು ಬೇಡವೆಂದು ಕೈ ಹಿಡಿದು ಜಗ್ಗಿದರೂ ಕೇಳದೆ ಹೋಗಿದ್ದ. ಅವನು ಸತ್ತ ಮುಂದಿನ ತಿಂಗಳು ಗಂಡುಕೂಸು ಹುಟ್ಟಿತು. ತಂದೆ ಸತ್ತ ಮೇಲೆ ಹುಟ್ಟಿದ ಮಗನಿಗೆ ತಂದೆಯ ಹೆಸರನ್ನೇ ಇಡುವುದು ಅವರ ಪದ್ಧತಿ. ಆ ಹೆಸರಿಗೋ ಅರಸನ ತಡೆ. ಮೂರು ತಿಂಗಳಾದರೂ ಕೂಸಿಗೆ ಹೆಸರಿರಲಿಲ್ಲ.

"ಬ್ಯಾರೆ ಹೆಸರ ಇಡೂಣು, ಅತ್ತಿಗಿ," ಎಂದ ಮಾಳಿಂಗನ ತಮ್ಮ ಭರಮ.

"ಬ್ಯಾರೆ ಇಟ್ರ ಅವ್ರು ಈ ಮನ್ಯಾಗ ಇದ್ದದ್ದ ಸುಳ್ಳಾಗತೈತಿ," ಎಂದಳು ದುಂಡವ್ವ. ಅವಳು ಅಳಲೂ ಇಲ್ಲ, ಅದೇ ಹೆಚ್ಚು ಸಂಕಟದ ಮಾತು.

ಭರಮ ಬಿದಿರು ಸೀಳುವ ಕತ್ತಿಯನ್ನು ಸೂರಿಗೆ ಸಿಕ್ಕಿಸಿ ಕೋಟೆಯ ದಾರಿ ಹಿಡಿದ.

ಅಂದು ಸಭೆಯಲ್ಲಿ ಅವನ ಜೊತೆ ಒಗಟು ಬಿಡಿಸಲು ಬಂದವರು ಇನ್ನಿಬ್ಬರಿದ್ದರು. ಒಬ್ಬ ಪಂಡಿತ, ವಿದ್ಯಾಪತಿ. ಇನ್ನೊಬ್ಬ ದಂಡಿನ ಸರದಾರ, ರಣಧೀರ. ವಿದ್ಯೆಗೆ ಒಡೆಯ, ಯುದ್ಧಕ್ಕೆ ಅಂಜದವ. ಹೆತ್ತವರು ಆಸೆಪಟ್ಟು ಇಟ್ಟ ಹೆಸರುಗಳು. ಭರಮ ಎಂಬುದು ಗುಡ್ಡದ ಕೆಳಗಿನ ಭರಮದೇವರ ಹೆಸರು, ಹರಕೆ ತೀರಿಸಲು ಇಟ್ಟದ್ದು.

ಅರಸ ಪಂಡಿತನನ್ನು ಕೇಳಿದ: "ಕೊಟ್ಟವಳ ಬೆನ್ನಿಗೆ ಗುದ್ದು ಬೀಳುತ್ತದೆ, ಪಡೆದವನು ಅಳುತ್ತಾನೆ, ನೋಡುವವರು ನಗುತ್ತಾರೆ. ಕೊಟ್ಟದ್ದೇನು?"

"ಓಲೆ, ಪ್ರಭು. ಕೂಸಿಗೆ ಕಿವಿ ಚುಚ್ಚುವ ದಿನ..."

"ಕಿವಿ ಚುಚ್ಚಿದವರಿಗೆ ಅಕ್ಕಿ ಬೆಲ್ಲ ಕೊಡುತ್ತಾರೆ, ಗುದ್ದನ್ನಲ್ಲ," ಎಂದ ಅರಸ. ಪಂಡಿತನನ್ನು ಹಿಂದಿನ ಅಂಗಳಕ್ಕೆ ಎಳೆದೊಯ್ದರು. ಅವನ ಕೂಗು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ಅರಸನ ಕಣ್ಣು ಭರಮನತ್ತ ಹೊರಳಿತು. "ನೀನು ಹೇಳು."

"ಹೆಸರು, ದೊರಿ. ಸೋದರತ್ತಿ ತೊಟ್ಟಿಲದಾಗ ಬಗ್ಗಿ ಕೂಸಿನ ಕಿವ್ಯಾಗ ಕುರ್ ಅಂತ ಹೆಸರ ಹೇಳ್ತಾಳ. ಹೆಂಗಸ್ರು ಆಕಿ ಬೆನ್ನಿಗೆ ಗುದ್ದಿ ನಗ್ತಾರ. ಕೂಸು ಬೆದರಿ ಅಳತೈತಿ."

ಅರಸ ಸರದಾರನಿಗೆ ಎರಡನೆಯ ಒಗಟು ಹಾಕಿದ: "ಅವಳಿಗೆ ನಾಲಿಗೆಯಿದೆ, ಮಗನಿಗೆ ಹೆಸರಿದೆ. ಆದರೂ ಸಾಯುವತನಕ ಮಗನನ್ನು ಹೆಸರು ಹಿಡಿದು ಕರೆಯಲಾರಳು. ಏಕೆ?"

ಸರದಾರ ಕೈಮುಗಿದ. "ಮಗ ಅರಸನಾಗಿರಬೇಕು, ಪ್ರಭು. ಅರಸನ ಹೆಸರು ಹಿಡಿಯುವ ಧೈರ್ಯ ಯಾರಿಗಿದೆ?"

"ನನ್ನ ತಾಯಿ ಸಾಯುವತನಕ ಹೆಸರು ಹಿಡಿದೇ ಬಯ್ಯುತ್ತಿದ್ದಳು." ಮುಖಸ್ತುತಿಯೂ ಕೈಕೊಟ್ಟಿತು. ಸರದಾರ ಸದ್ದಿಲ್ಲದೆ ಎದ್ದು ತಾನಾಗಿಯೇ ಹಿಂದಿನ ಅಂಗಳಕ್ಕೆ ನಡೆದ. ಹೆಸರಿಗೆ ತಕ್ಕಂತೆ ನಡೆದುಕೊಂಡವನು ಅಂದು ಅವನೊಬ್ಬನೇ.

ಭರಮ ಒಂದು ಹೆಜ್ಜೆ ಮುಂದೆ ಬಂದ. "ಅದು ಆಕಿ ಮಾವನ ಹೆಸರು, ದೊರಿ. ಅಜ್ಜ ಸತ್ತ ಮ್ಯಾಲೆ ಮೊಮ್ಮಗಗ ಇಡ್ತಾರ. ಮಾವನ ಹೆಸರು ಸೊಸಿ ಬಾಯಾಗ ಬರಬಾರದು. ತಮ್ಮಾ, ಅಪ್ಪಾ ಅಂತ ಕರಕೋತ ಮುದುಕಿ ಆಗ್ತಾಳ."

ಅರಸ ಸಿಂಹಾಸನದಿಂದ ಇಳಿದು ಅವನ ಎದುರಿಗೇ ಬಂದು ನಿಂತ. "ಒಬ್ಬ ಬಂದ. ಹನ್ನೊಂದು ದಿನ ಇದ್ದ. ಹೋದ. ಅವನಿಗಾಗಿ ಅತ್ತವರಿದ್ದಾರೆ. ಏನೆಂದು ಕರೆದು ಅಳಬೇಕೆಂದು ಮಾತ್ರ ಅವರಿಗೆ ಗೊತ್ತಿಲ್ಲ. ಅವನು ಯಾರು?"

ಸಭೆಯವರೆಲ್ಲ ನೆಲ ನೋಡಿದರು. ಅವರಿಗೆಲ್ಲ ಉತ್ತರ ಗೊತ್ತಿತ್ತು, ಹೇಳುವ ಎದೆಯಿರಲಿಲ್ಲ. ಭರಮನಿಗೂ ಗೊತ್ತಾಯಿತು. ಹೇಳಿದರೂ ಸಾವು, ಹೇಳದಿದ್ದರೂ ಸಾವು ಎನಿಸಿತು.

"ಹೆಸರಿಡೂಕಿಂತ ಮೊದಲ ಸತ್ತ ಕೂಸು," ಎಂದ. "ಅದು ನಿಮ್ಮ ಕೂಸು, ದೊರಿ."

"ಯಾರು ಹೇಳಿದರು ನಿನಗೆ?"

"ಯಾರೂ ಹೇಳಿಲ್ರಿ. ಹೋದ ವರ್ಷ ಅರಮನಿಯಿಂದ ಬಿದಿರಿನ ಮೊರ ತರಾಕ ಹೇಳಿದ್ರಿ, ಹೆಸರಿಡೂ ದಿನ ಕೂಸಿನ್ನ ಮಲಗಿಸಾಕ. ನಾ ಹೆಣದು ತಂದ್ರ, ಇನ್ನ ಬ್ಯಾಡ ಅಂತ ಬಾಗಿಲಾಗ ತಿರುಗಿ ಕಳಿಸಿದ್ರು. ಹೆಸರಿಡೂ ಹದಿಮೂರನೇ ದಿನಕ್ಕ ಇನ್ನ ಎರಡು ದಿನ ಇತ್ತು."

ಅರಸನ ಮುಖ ಕಳೆಗುಂದಿತು. "ನನ್ನ ಮಗನಿಗೆ ಇಲ್ಲದ್ದು ಇವರಿಗೆಲ್ಲ ಏಕಿರಬೇಕು?" ಎಂದ. ಬಿಕ್ಕುತ್ತ ಹೇಳಿದ ಮಾತೇ. ಕೇಳಿದವರಿಗೆ ಕನಿಕರಕ್ಕಿಂತ ಅಸಹ್ಯವೇ ಹೆಚ್ಚಾಯಿತು. "ಒಗಟು ಮುಗಿದವು. ಅರ್ಧ ರಾಜ್ಯ ನಿನ್ನದು."

"ರಾಜ್ಯ ನಂಗ್ಯಾಕ್ರಿ? ನೀವು ಕಸಕೊಂಡ ಹೆಸರು ಕೊಡ್ರಿ. ಇಂದು ಸತ್ತ ಇಬ್ಬರದೂ ಸೇರಿ ಇಪ್ಪತ್ತೆಂಟು. ಕೋಟೆ ಬಾಗಿಲಾಗ ನಿಂತು ನಿಮ್ಮ ಬಾಯಿಲೆ ಹೇಳ್ರಿ."

ಅರಸ ಹೇಳಿದ. ಒಂದೊಂದು ಹೆಸರಿಗೂ ಜನರ ನಡುವೆ ಒಬ್ಬ ತಾಯಿಯೋ ತಂದೆಯೋ ಕುಸಿದು ಕೂತರು. ಮಾಳಿಂಗ ಎಂಬ ಹೆಸರು ಕೇಳುವತನಕ ನಿಂತಿದ್ದ ಭರಮ, ಕೇಳಿದ ಮೇಲೆ ಗೋಡೆಗೆ ಮುಖ ಮಾಡಿ ಅತ್ತ.

ಮನೆಯಲ್ಲಿ ದುಂಡವ್ವ ಕೂಸಿಗೆ ಮೊಲೆಯೂಡುತ್ತಿದ್ದಳು.

"ಹೆಸರ ತಂದೇನಿ, ಅತ್ತಿಗಿ."

"ಹೆಸರಿನವ್ರನ್ನ?" ಎಂದಳು.

ಭರಮ ಅವಳ ಎದುರಿಗೆ ಕೂತ. ಅವಳು ಕೂಸನ್ನು ಅವನ ತೊಡೆಯ ಮೇಲಿಟ್ಟಳು. "ನೀನ ಕರಿ. ಗಂಡನ ಹೆಸರು ನನ್ನ ಬಾಯಾಗ ಬರೂದಿಲ್ಲ."

"ಮಾಳಿಂಗಾ," ಎಂದು ಭರಮ ಕರೆದ. ಕೂಸು ತಿರುಗಿ ನೋಡಲಿಲ್ಲ. ಹುಟ್ಟಿದಂದಿನಿಂದ ಯಾರೂ ಅದನ್ನು ಹೆಸರು ಹಿಡಿದು ಕರೆದಿರಲಿಲ್ಲ.

ದುಂಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಇನ್ನೊಮ್ಮಿ ಕರಿ," ಎಂದಳು.